ಕೋಡ್ ಅಳಸಬ್ಯಾಡ್ರಿ

ಧಾರವಾಡದ ಮಾಳಮಡ್ಡಿಯಲ್ಲಿ ಕಾರಿಟ್ಟವರು ಈಗ ಮೈಲೇಜಿಗಿಂತ ಹೆಚ್ಚಾಗಿ ಕೇಳುವುದು ಇದನ್ನೇ: ‘ಇಂಜಿನ್ ಲೈಟ್ ಹತ್ಯದರೀ, ಗಾಡಿ ಮಾತ್ರ ಛಲೋ ಓಡ್ತದ. ಏನ್ ಮಾಡೋದು?’

ಮೊದಲು ನೋಡಬೇಕಾದದ್ದು ದೀಪ ಮಿನುಗುತ್ತಿದೆಯೋ, ಒಂದೇ ಸಮ ಉರಿಯುತ್ತಿದೆಯೋ ಎಂದು. ಮಿನುಗುತ್ತಿದ್ದರೆ ಯಾವುದೋ ಸಿಲಿಂಡರ್ ಮಿಸ್ ಹೊಡೆಯುತ್ತಿದೆ. ಸುಡದೇ ಉಳಿದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಹೊತ್ತಿಕೊಳ್ಳುತ್ತದೆ. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪಿಸಿದ ಜೇನುಗೂಡಿನಂಥ ಪಿಂಗಾಣಿ ಅದರ ಕಾವಿಗೆ ಕರಗುತ್ತದೆ. ಅಲ್ಲೇ ಬದಿಗೆ ನಿಲ್ಲಿಸಿಬಿಡಿ. ಒಂದೇ ಸಮ ಉರಿಯುವ ದೀಪಕ್ಕೆ ಇಷ್ಟು ಗಾಬರಿ ಬೇಡ, ಗ್ಯಾರೇಜಿಗೆ ಹೋಗಲು ಪುರಸೊತ್ತು ಇರುತ್ತದೆ.

ಆದರೆ ಗ್ಯಾರೇಜಿನಲ್ಲಿ ನಡೆಯುವುದೇನು? ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಹಚ್ಚುತ್ತಾರೆ, ಕೋಡ್ ಓದುತ್ತಾರೆ, ಅದರ ಬೆನ್ನಿಗೇ ‘ಕ್ಲಿಯರ್’ ಒತ್ತುತ್ತಾರೆ. ದೀಪ ಆರುತ್ತದೆ, ಗಿರಾಕಿ ಖುಷಿ. ದೀಪದ ಜತೆಗೆ ಅಳಿಸಿಹೋದದ್ದು ಫ್ರೀಜ್ ಫ್ರೇಮ್. ದೋಷ ದಾಖಲಾದ ಗಳಿಗೆಯಲ್ಲಿ ಇಂಜಿನ್ ಎಷ್ಟು ಬಿಸಿಯಿತ್ತು, ಆರ್‌ಪಿಎಂ ಎಷ್ಟು, ವೇಗ ಎಷ್ಟು, ಫ್ಯೂಯೆಲ್ ಟ್ರಿಮ್ ಎಷ್ಟು ಎಂಬ ಪೂರ್ತಿ ಲೆಕ್ಕ ಅದರಲ್ಲಿರುತ್ತದೆ. ನನ್ನ ಮಟ್ಟಿಗೆ ಕೋಡಿಗಿಂತ ಈ ಲೆಕ್ಕವೇ ಬೆಲೆಯುಳ್ಳದ್ದು. ದೋಷ ದಾಖಲಿಸುವ ಈ ಒಬಿಡಿ–2 ವ್ಯವಸ್ಥೆ ಬಿಎಸ್–4 ಕಾರುಗಳಿಗೆ 2013ರಲ್ಲೇ ಕಡ್ಡಾಯವಾಯಿತು. ಇಷ್ಟು ವರ್ಷವಾದರೂ ಫ್ರೀಜ್ ಫ್ರೇಮ್ ಓದುವ ರೂಢಿ ನಮ್ಮಲ್ಲಿ ಬೆಳೆದಿಲ್ಲ.

ನಮ್ಮ ಓಣಿಯ ನಿವೃತ್ತ ಮಾಸ್ತರರೊಬ್ಬರ ಪೆಟ್ರೋಲ್ ಕಾರು ಪಿ0171 ತೋರಿಸುತ್ತಿತ್ತು. ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಎಂಬ ದೂರು ಅದು. ಆಕ್ಸಿಜನ್ ಸೆನ್ಸರ್ ಬದಲಾಯಿಸಿದ್ದರು, ದೀಪ ಮತ್ತೆ ಹತ್ತಿತ್ತು. ಈ ಸಲ ಫ್ರೀಜ್ ಫ್ರೇಮ್ ಅಳಿಸದೆ ಉಳಿದಿತ್ತು: ಇಂಜಿನ್ ಬಿಸಿ, ವೇಗ ಸೊನ್ನೆ, ಆರ್‌ಪಿಎಂ 750, ಲಾಂಗ್ ಟರ್ಮ್ ಟ್ರಿಮ್ +21. ಅಂದರೆ ಕಂಪ್ಯೂಟರ್ ತನ್ನ ಲೆಕ್ಕಕ್ಕಿಂತ ಶೇ 21ರಷ್ಟು ಹೆಚ್ಚು ಪೆಟ್ರೋಲ್ ಸುರಿದು ಸಂಭಾಳಿಸುತ್ತಿದೆ, ಅದೂ ಐಡ್ಲಿಂಗ್‌ನಲ್ಲಿ. ಆಕ್ಸಿಲರೇಟರ್ ಒತ್ತಿ 2,500ಕ್ಕೆ ಏರಿಸಿದಾಗ ಟ್ರಿಮ್ +5ಕ್ಕೆ ಇಳಿಯಿತು. ಇಲ್ಲಿಗೆ ಮುಕ್ಕಾಲು ಪತ್ತೇದಾರಿ ಮುಗಿದ ಹಾಗೆ. ಏರ್ ಫ್ಲೋ ಸೆನ್ಸರ್ ಅಳೆಯದ ಗಾಳಿ ಎಲ್ಲಿಂದಲೋ ನುಸುಳುತ್ತಿದೆ. ಐಡ್ಲಿಂಗ್‌ನಲ್ಲಿ ಒಟ್ಟು ಗಾಳಿ ಕಡಿಮೆಯಾದ್ದರಿಂದ ಕಳ್ಳಗಾಳಿಯ ಪಾಲು ದೊಡ್ಡದಾಗಿ ಕಾಣುತ್ತದೆ. ಪೆಟ್ರೋಲ್ ಪಂಪೋ ಫಿಲ್ಟರೋ ಸೊರಗಿದ್ದರೆ ಇದು ತಿರುವುಮುರುವಾಗಿ, ವಿಶ್ವವಿದ್ಯಾಲಯದ ಏರು ಹತ್ತುವಾಗ ಟ್ರಿಮ್ ಜಿಗಿಯಬೇಕಿತ್ತು. ಇಂಜಿನ್ನಿನ ಬ್ರೀದರ್ ಪೈಪು ತಿರುಗುವಲ್ಲಿ, ಕೆಳಬದಿಗೆ, ರಬ್ಬರ್ ಸೀಳಿತ್ತು. ಬೆರಳಿನಿಂದ ಅದುಮಿ ಹಿಡಿದರೆ ಇಂಜಿನ್ ಸಮನಾಗಿ ತಿರುಗಿತು, ಸ್ಕ್ಯಾನರಿಗೆ ಜೋಡಿಸಿದ ಫೋನಿನ ಪರದೆಯ ಮೇಲೆ ಟ್ರಿಮ್ ಕೆಳಗಿಳಿಯತೊಡಗಿತು. ಪೈಪಿನ ಬೆಲೆ ಸೆನ್ಸರಿನ ಹತ್ತಿರಕ್ಕೂ ಬರುವುದಿಲ್ಲ. (ಏರ್ ಫ್ಲೋ ಸೆನ್ಸರ್ ಬದಲು ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಮಾತ್ರ ಇರುವ ಸಣ್ಣ ಕಾರುಗಳಲ್ಲಿ ಇಂಥದೇ ಸೀಳು ಹೆಚ್ಚಾಗಿ ಐಡ್ಲಿಂಗ್ ಏರಿಸುತ್ತದೆ, ಟ್ರಿಮ್ ಅಷ್ಟಾಗಿ ಕದಲುವುದಿಲ್ಲ.)

ಎಲ್ಲದಕ್ಕೂ ಎಥೆನಾಲ್ ಕಾರಣ ಎನ್ನುವುದು ಈಗಿನ ಮಾತು. ಎಥೆನಾಲ್ ಬೆರೆತ ಇ20 ಪೆಟ್ರೋಲ್ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. ಇ10ಕ್ಕಿಂತ ಇದಕ್ಕೆ ಗಾಳಿ ಕಡಿಮೆ ಸಾಕು, ಹಾಗಾಗಿ ಹಳೆಯ ಕಾರಿನಲ್ಲಿ ಟ್ರಿಮ್ ಸುಮಾರು ಶೇ 4ರಷ್ಟು ಮೇಲೇರುವುದು ಸಹಜ. ಅಷ್ಟಕ್ಕೇ ದೀಪ ಹತ್ತದು. ಮೊದಲೇ ಸಣ್ಣ ಸೋರಿಕೆಯಿದ್ದು, ಮಿತಿಯ ಅಂಚಿನಲ್ಲಿ ತೂಗಾಡುತ್ತಿದ್ದ ಕಾರನ್ನು ಇದು ಆಚೆಗೆ ನೂಕುತ್ತದೆ, ಅಷ್ಟೇ.

ಯೂಟ್ಯೂಬಿನ ಅಮೆರಿಕನ್ನರು ಹೇಳುವ ಇನ್ನೊಂದು ಮದ್ದು, ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬಿಗಿ ಮಾಡುವುದು. ಟ್ಯಾಂಕಿನ ಆವಿ ಸೋರುವುದನ್ನು ಕಾರೇ ಪತ್ತೆಹಚ್ಚಬೇಕೆಂಬುದು ಅಲ್ಲಿನ ಕಾನೂನು. ನಮ್ಮ ಬಿಎಸ್ ನಿಯಮಗಳು ಯುರೋಪಿನ ಜಾಡಿನವು, ಅವುಗಳಲ್ಲಿ ಈ ಕಡ್ಡಾಯವಿಲ್ಲ. ನಮ್ಮ ಹೆಚ್ಚಿನ ಕಾರುಗಳಲ್ಲಿ ಮುಚ್ಚಳ ತಿರುವಿ ಪ್ರಯೋಜನವಿಲ್ಲ. ಅದರ ಬದಲು ಬಾನೆಟ್ ಎತ್ತಿ ವೈರ್ ನೋಡಿ. ಹಂಚಿನ ಮನೆ, ಹಿತ್ತಲು, ಮಾವಿನ ಗಿಡ ಇರುವಲ್ಲಿ ಇಲಿ ಇದ್ದೇ ಇರುತ್ತದೆ. ಮಳೆಗಾಲದಲ್ಲಿ ಬೆಚ್ಚಗಿನ ಇಂಜಿನ್ ಅದಕ್ಕೆ ಬಿಡಾರ. ಪಿ0135 ಬಂದರೆ, ಅಂದರೆ ಆಕ್ಸಿಜನ್ ಸೆನ್ಸರಿನ ಹೀಟರ್ ಸರ್ಕ್ಯೂಟ್ ಕೆಟ್ಟಿದೆ ಎಂದರೆ, ಹೊಸ ಸೆನ್ಸರ್ ತರಿಸುವ ಮುನ್ನ ಫ್ಯೂಸನ್ನೂ ಕಡಿದ ವೈರನ್ನೂ ಹುಡುಕಿಸಿ.

ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎನ್ನುವ ಪಿ0420 ಮಾತ್ರ ನಿಜಕ್ಕೂ ಜೇಬು ಸುಡುವ ಕೋಡು. ಕನ್ವರ್ಟರ್ ಸರಿಯಿದ್ದರೆ ಅದರ ಹಿಂದಿನ ಸೆನ್ಸರಿನ ವೋಲ್ಟೇಜ್ ಹೆಚ್ಚುಕಡಿಮೆ ಒಂದೇ ಕಡೆ ನಿಲ್ಲಬೇಕು. ಮುಂದಿನದರಂತೆ ಅದೂ ಕುಣಿಯತೊಡಗಿದರೆ ಕನ್ವರ್ಟರಿಗೆ ಮುಪ್ಪು ಬಂದಿದೆ. ಆಗಲೂ ಆತುರ ಬೇಡ. ಎಕ್ಸಾಸ್ಟ್ ಜಾಯಿಂಟ್ ಸೋರುತ್ತಿದೆಯೇ, ಇಂಜಿನ್ ಆಯಿಲ್ ಸುಡುತ್ತಿದೆಯೇ ಎಂದು ಮೊದಲು ತಿಳಿಯಬೇಕು. ಆಯಿಲ್ ಸುಡುವ ಇಂಜಿನ್ ಹೊಸ ಕನ್ವರ್ಟರನ್ನೂ ಹಾಳು ಮಾಡುತ್ತದೆ.

ಬಿಎಸ್–6 ಡೀಸೆಲ್ ಕೊಂಡು ಸುಭಾಸ ರೋಡು, ಸ್ಟೇಷನ್ನು ಅಂತಷ್ಟೇ ಓಡಿಸುವವರ ಗಾಡಿಯ ಮಸಿ ಸೋಸುವ ಫಿಲ್ಟರಾದ ಡಿಪಿಎಫ್‌ನಲ್ಲಿ ಮಸಿ ಕಟ್ಟುತ್ತದೆ. ಅದು ಸುಟ್ಟುಹೋಗಲು ಸುಮಾರು 600 ಡಿಗ್ರಿ ಕಾವು ಬೇಕು. ಡಿಪಿಎಫ್ ದೀಪವಷ್ಟೇ ಹತ್ತಿದ್ದರೆ ನರೇಂದ್ರ ಕ್ರಾಸಿನಿಂದ ಗಬ್ಬೂರವರೆಗೆ ಬೈಪಾಸ್ ಹಿಡಿದು, 2,000ಕ್ಕಿಂತ ಮೇಲಿನ ಆರ್‌ಪಿಎಂನಲ್ಲಿ ಒಂದೇ ವೇಗದಲ್ಲಿ ಹೋಗಿಬನ್ನಿ. ಇಂಜಿನ್ ದೀಪವೂ ಜತೆಗೂಡಿದರೆ ಸರ್ವಿಸ್ ಸೆಂಟರೇ ಗತಿ.

ದೀಪ ಹತ್ತಿದ್ದರೂ ‘ಪಿಯುಸಿ ಪಾಸ್ ಆಗ್ಯದಲ್ಲರೀ’ ಎಂದು ಕೆಲವರ ವಾದ. ಪೆಟ್ರೋಲ್ ಕಾರಿನ ಹೊಗೆ ತಪಾಸಣೆಯಾದ ಪಿಯುಸಿ ಮುಖ್ಯವಾಗಿ ನೋಡುವುದು ನಿಂತ ಗಾಡಿಯ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ನನ್ನು. ನೈಟ್ರೋಜನ್ ಆಕ್ಸೈಡ್ ಅದರಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ದೀಪ ಹತ್ತಿದ ಕಾರೂ ಸುಲಭವಾಗಿ ಪಾಸಾಗಬಹುದು.

ಮುಂದಿನ ಸಲ ಸ್ಕ್ಯಾನರ್ ಹಚ್ಚಿದಾಗ ಮಿಸ್ತ್ರಿಯ ಪಕ್ಕ ನಿಂತುಕೊಳ್ಳಿ. ಕ್ಲಿಯರ್ ಒತ್ತುವ ಮುಂಚೆ ಫ್ರೀಜ್ ಫ್ರೇಮ್ ಪುಟ ತೆರೆಸಿ, ನಿಮ್ಮ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಆ ಪುಟ ತೋರಿಸದೆ ಸೆನ್ಸರ್ ಬದಲಿಸಲು ಹೊರಟವರಿಗೆ ದುಡ್ಡು ಕೊಡಬೇಡಿ.