ಬೆರಳು ಕಚ್ಚಿದ ಕರ್ನಲ್

ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಪಡುಗೋಡೆಯ ಮೇಲಿರುವ ಪೊಲ್ಲಿಲೂರು ಕದನದ ಚಿತ್ರವನ್ನು ನಾವು ಎರಡೇ ಬಗೆಯಲ್ಲಿ ನೋಡುತ್ತ ಬಂದಿದ್ದೇವೆ. ಒಂದೋ ಟಿಪ್ಪುವಿನ ಶೌರ್ಯದ ಪುರಾವೆಯಾಗಿ, ಇಲ್ಲವೇ ದರ್ಬಾರಿನ ಬಡಾಯಿಯಾಗಿ. ಎರಡೂ ಕಡೆಯವರು ಆ ಗೋಡೆಯೆದುರು ಹೆಚ್ಚು ಹೊತ್ತು ನಿಂತಂತೆ ಕಾಣುವುದಿಲ್ಲ.

1780ರ ಸೆಪ್ಟೆಂಬರ್ 10ರಂದು ಕಾಂಚೀಪುರಂ ಬಳಿ ಹೈದರ್ ಮತ್ತು ಟಿಪ್ಪುವಿನ ಸೇನೆ ಕರ್ನಲ್ ಬೇಯ್ಲಿಯ ಪಡೆಯನ್ನು ಸುತ್ತುವರಿದು ಧೂಳೀಪಟ ಮಾಡಿತು. ನೆರವಿಗೆ ಬರಬೇಕಿದ್ದ ಹೆಕ್ಟರ್ ಮನ್ರೋ ತನ್ನ ಭಾರದ ಫಿರಂಗಿಗಳನ್ನು ಕಾಂಚೀಪುರಂನ ಕೆರೆಗೆ ತಳ್ಳಿ ಮದ್ರಾಸಿಗೆ ಓಡಿದ. ಚಿತ್ರದಲ್ಲಿ ಮದ್ದಿನ ಬಂಡಿ ಸಿಡಿಯುತ್ತಿದೆ, ಫ್ರೆಂಚ್ ಸೇನಾನಿ ಲಾಲಿ ದುರ್ಬೀನು ಹಿಡಿದಿದ್ದಾನೆ, ಬೇಯ್ಲಿ ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚುತ್ತಿದ್ದಾನೆ.

ಇದನ್ನು ಹೆದರಿಕೆ ಎಂದು ಓದಿಬಿಡುವುದು ಸುಲಭ. ಆದರೆ ಉರ್ದು ಬಲ್ಲವರಿಗೆ ‘ಅಂಗುಶ್ತ್ ಬ ದಂದಾಂ’ ಎಂಬ ಮಾತು ಗೊತ್ತು: ಹಲ್ಲಿನ ನಡುವೆ ಬೆರಳು, ಅಂದರೆ ಹೈರಾನಾಗುವುದು, ಬೆರಗಾಗುವುದು. ಫಾರಸಿ, ಮೊಘಲ್ ಚಿತ್ರಗಳಲ್ಲೂ ಬಾಯಿಗೆ ಹೋದ ಬೆರಳಿಗೆ ಅದೇ ಅರ್ಥ. ನಮ್ಮ ಚಿತ್ರಕಾರ ಬರೆದದ್ದು ಹೇಡಿಯನ್ನಲ್ಲ, ಇವರಿಂದ ಇದು ಹೇಗಾಯಿತೆಂದು ತಬ್ಬಿಬ್ಬಾದವನನ್ನು. ಇಡೀ ಗೋಡೆಯಲ್ಲಿ ಇದಕ್ಕಿಂತ ಸೂಕ್ಷ್ಮವಾದ ಗೆರೆ ನಮಗೆ ಕಂಡಿಲ್ಲ.

ಇದೇ ಬೆರಗು 1954ರಲ್ಲಿ ವಿಯೆಟ್ನಾಮಿನ ದಿಯೆನ್ ಬಿಯೆನ್ ಫುವಿನಲ್ಲಿ ಫ್ರೆಂಚರನ್ನು ಹಿಡಿಯಿತು. ಸುತ್ತಲ ಬೆಟ್ಟಗಳಿಗೆ ಭಾರಿ ಫಿರಂಗಿ ಏರಿಸುವುದು ರೈತರ ಸೈನ್ಯದಿಂದಾಗದು ಎಂದೇ ಅವರ ಲೆಕ್ಕ. ಜನರಲ್ ಜಿಯಾಪ್‌ನ ಜನ ಹಗ್ಗ ಕಟ್ಟಿ ಕೈಯಲ್ಲೇ ಎಳೆದು ಏರಿಸಿದರು. ಮಾರ್ಚ್ 13ರಂದು ಅವು ಗುಂಡುಗರೆದವು. ಫ್ರೆಂಚ್ ಫಿರಂಗಿದಳದ ಮುಖ್ಯಸ್ಥ ಪಿರೋ ಕೆಲವೇ ದಿನಗಳಲ್ಲಿ ಆತ್ಮಹತ್ಯೆ ಮಾಡಿಕೊಂಡ. ಮೇ 7ಕ್ಕೆ ಕೋಟೆ ಬಿತ್ತು. ಬಳಿಕ ಆ ಜನರಲ್ ತಪ್ಪು ಮಾಡಿದ, ಮಳೆ ಕೆಡಿಸಿತು ಎಂಬ ವಿವರಣೆಗಳು ಬಂದವು. ಪೊಲ್ಲಿಲೂರಿಗೂ ಮದ್ದಿನ ಬಂಡಿ ಸಿಡಿದದ್ದೇ ಕಾರಣವಾಗಿತ್ತು. ಎದುರಾಳಿ ಗೆದ್ದ ಎನ್ನುವ ಸರಳ ಮಾತು ಮಾತ್ರ ಸಾಮ್ರಾಜ್ಯಗಳ ನಾಲಗೆಗೆ ಬರುವುದಿಲ್ಲ.

ಇಷ್ಟಾದರೂ ಗೋಡೆಯ ಮೇಲೆ ನಮಗೊಂದು ತಕರಾರಿದೆ. ಆ ಕೆಂಪಂಗಿಯ ಚೌಕದಲ್ಲಿ ಕಣ್ಣು ಸೆಳೆಯುವುದು ಗಡ್ಡಮೀಸೆಯಿಲ್ಲದ ಯುರೋಪಿನ ಮುಖಗಳು. ಬೇಯ್ಲಿಯ ಪಡೆಯಲ್ಲಿ ಹೆಚ್ಚಿನವರು ದಕ್ಷಿಣದ ಸಿಪಾಯಿಗಳು. ದಿಯೆನ್ ಬಿಯೆನ್ ಫುವಿನಲ್ಲೂ ಫ್ರೆಂಚರ ಪರ ಅಲ್ಜೀರಿಯ, ಮೊರಾಕ್ಕೊಗಳವರು, ಸ್ವತಃ ವಿಯೆಟ್ನಾಮಿನವರು ಸತ್ತರು. 1945ರಲ್ಲಿ ಸೈಗಾನಿಗೆ ಹೋಗಿ ಫ್ರೆಂಚರಿಗೆ ಮತ್ತೆ ಕುರ್ಚಿ ಹಾಕಿಕೊಟ್ಟದ್ದು ಬ್ರಿಟಿಷರ 20ನೆಯ ಇಂಡಿಯನ್ ಡಿವಿಷನ್. ನಮ್ಮ ಜೋಗುಪಾಳ್ಯದಿಂದ ನಡೆದು ಹೋಗುವಷ್ಟು ದೂರದಲ್ಲಿ, ಹಲಸೂರು ಕೆರೆಯ ಬದಿಗಿರುವ ಮದ್ರಾಸ್ ಸ್ಯಾಪರ್ಸ್ ತನ್ನ ಹುಟ್ಟಿದ ದಿನವೆಂದು ಆಚರಿಸುವುದು 1780ರ ಸೆಪ್ಟೆಂಬರ್ 30ನ್ನು. ಪೊಲ್ಲಿಲೂರಾಗಿ ಸರಿಯಾಗಿ ಇಪ್ಪತ್ತು ದಿನ. ಗೆದ್ದರೂ ಸೋತರೂ ಕಂಪನಿಗೆ ಬೇಕಾದದ್ದು ನಮ್ಮವರದೇ ತೋಳು.

ಟಿಪ್ಪು ಮಡಿದ ಮೇಲೆ ದರಿಯಾ ದೌಲತ್‌ನಲ್ಲಿ ಬಿಡಾರ ಹೂಡಿದ್ದ ಆರ್ಥರ್ ವೆಲ್ಲೆಸ್ಲಿ ಈ ಚಿತ್ರವನ್ನು ದುರಸ್ತಿ ಮಾಡಿಸಿದ. ಮುಂದೆ ಡಾಲ್‌ಹೌಸಿಯೂ ಮಾಡಿಸಿದ. ಔದಾರ್ಯವೇನಲ್ಲ, 1799ರ ನಂತರ ಆ ಸೋಲಿಗೆ ಹಲ್ಲಿರಲಿಲ್ಲ. ಸೆರೆಯಲ್ಲಿ 1782ರಲ್ಲಿ ಸತ್ತ ಬೇಯ್ಲಿಗೆ ಗುಂಬಜ್‌ನ ಹತ್ತಿರವೇ 1816ರಲ್ಲಿ ಅವನ ಸಂಬಂಧಿಕರು ಸ್ಮಾರಕ ಕಟ್ಟಿಸಿದರು. ಅವನ ಪಲ್ಲಕ್ಕಿ ಹೊತ್ತವರ ಹೆಸರು ಅಲ್ಲೂ ಇಲ್ಲ, ಗೋಡೆಯ ಮೇಲೂ ಇಲ್ಲ.