ಸಂಜೆಯ ಓದು, ಸಂಜೆಯ ವಿದ್ಯುತ್ತು

ಓದಿನ ರುಚಿ ಹತ್ತಿದವರಿಗೆ ದಿವಸದ ಸಾರಸರ್ವಸ್ವವೂ ದೀಪ ಹಚ್ಚಿದ ಅನಂತರದ ಎರಡು ಮೂರು ಗಂಟೆಗಳಲ್ಲಿಯೇ ಸಂಚಿತವಾಗಿರುತ್ತದೆ. ಆದುದರಿಂದ ರಾಜ್ಯದ ವಿದ್ಯುತ್ ನೀತಿಯನ್ನು ನಾನು ಮೊದಲು ಅಳೆಯುವುದು, ಆ ಹೊತ್ತಿನಲ್ಲಿ ಹಳ್ಳಿಯ ವಿದ್ಯಾರ್ಥಿಯ ಪುಟದ ಮೇಲೆ ಎಂತಹ ಬೆಳಕು ಬೀಳುತ್ತದೆಂಬುದರಿಂದ.

ನಮ್ಮ ನಾಡಿನಲ್ಲಿ ವಿದ್ಯುಚ್ಛಕ್ತಿ ಮೊದಲು ಅರಸಿ ಹೋದುದು ಓದುವವರನ್ನಲ್ಲ. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಹೊರಟು, ಸುಮಾರು 147 ಕಿಲೋಮೀಟರುಗಳ ತಂತಿಯನ್ನು ಕ್ರಮಿಸಿ, ಅದು ಕೋಲಾರದ ಚಿನ್ನದ ಗಣಿಗಳನ್ನು ಸೇರಿತು. ಬೆಂಗಳೂರಿನ ಬೀದಿಗಳಿಗೆ ದೀಪವಾಗಿ ಬಂದುದು 1905ರಲ್ಲಿ. ಗಣಿ ಮೊದಲು, ಮನೆ ಅನಂತರ ಎಂಬ ಆ ಕ್ರಮ ಬಹುಕಾಲ ಉಳಿಯಿತು. ಪಂಪ್‌ಸೆಟ್ಟುಗಳಿಗೂ ಮನೆಗಳಿಗೂ ಒಂದೇ ಮಾರ್ಗದಲ್ಲಿ ವಿದ್ಯುತ್ತು ಹರಿಯುತ್ತಿದ್ದಷ್ಟು ಕಾಲ, ತ್ರೀಫೇಸಿನ ಸರದಿ ಮುಗಿದ ಮೇಲೆ ಮಿಣುಕುವ ಬಲ್ಬಿನ ಕೆಳಗೆ ಕಣ್ಣು ಕಿರಿದುಮಾಡಿ ಓದುವುದೇ ಹಳ್ಳಿಯ ಪಾಡಾಗಿತ್ತು; ಎರಡನ್ನೂ ಬೇರ್ಪಡಿಸಿದ 'ನಿರಂತರ ಜ್ಯೋತಿ' ಯೋಜನೆಯನ್ನು ಗ್ರಂಥಾಲಯಗಳ ಸ್ಥಾಪನೆಯಷ್ಟೇ ಮಹತ್ತ್ವದ ಕಾರ್ಯವೆಂದು ನಾನು ಎಣಿಸುತ್ತೇನೆ.

ಈಗಿನ ಪ್ರಶ್ನೆ ಬೇರೆ. ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆ ಭೂಮಿಯ ಮೇಲೆ 2,050 ಮೆಗಾವಾಟ್ ಸಾಮರ್ಥ್ಯದ ಸೌರಫಲಕಗಳು ಹರಡಿವೆ. ಆದರೆ ಓದು ಆರಂಭವಾಗುವ ಹೊತ್ತಿಗೆ ಅವುಗಳ ಕೆಲಸ ಮುಗಿದಿರುತ್ತದೆ. ಆಗ ಕೈಹಿಡಿಯುವವಳು ಶರಾವತಿ: ಹಗಲಿನಲ್ಲಿ ಸೂರ್ಯ ದುಡಿದಷ್ಟೂ ಲಿಂಗನಮಕ್ಕಿ ಅಣೆಕಟ್ಟಿನ ನೀರು ಸಂಜೆಗೆ ಉಳಿಯುತ್ತದೆ. 1964ರಲ್ಲಿ ಪೂರ್ಣಗೊಂಡ ಆ ಅಣೆಕಟ್ಟಿಗಾಗಿ ಮುಳುಗಡೆಯಾದ ಹಳ್ಳಿಗಳವರ ಸಂತತಿ ಇಂದಿಗೂ ಭೂಮಿಯ ಹಕ್ಕಿಗಾಗಿ ಅಲೆಯುತ್ತಿರುವಾಗ, ಅದೇ ಕಣಿವೆಯ ಸಿಂಗಳೀಕಗಳ ಕಾಡಿನಲ್ಲಿ ಹೆಚ್ಚುವರಿ ವಿದ್ಯುತ್ತಿನಿಂದ ನೀರನ್ನು ಮೇಲೆತ್ತಿಟ್ಟು ಬೇಕಾದಾಗ ಇಳಿಸಿ ವಿದ್ಯುತ್ತು ಪಡೆಯುವ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಹೂಡುವುದಕ್ಕೆ ನನ್ನ ಮನಸ್ಸು ಒಪ್ಪದು. ಸೌರಫಲಕಗಳ ಬಳಿಯಲ್ಲಿಯೇ ಬ್ಯಾಟರಿಗಳನ್ನು ಸ್ಥಾಪಿಸುವ ಮಾರ್ಗವನ್ನು ಮೊದಲು ಸಂಪೂರ್ಣವಾಗಿ ಪರೀಕ್ಷಿಸಿ ನೋಡಲಿ.

ವಿದ್ಯುತ್ತು ಬಂದರೂ ಯಂತ್ರದ ತೆರೆಯ ಮೇಲಿನ ಓದಿನ ಕಷ್ಟ ಇನ್ನೊಂದು ಬಗೆಯದು. ಯೂನಿಕೋಡ್‌ಗೆ ಮುಂಚಿನ ಫಾಂಟುಗಳಲ್ಲಿ ಅಚ್ಚಿಗೆ ಸಿದ್ಧಪಡಿಸಿದ ಎಷ್ಟೋ ಕನ್ನಡ ಕಡತಗಳು ಇಂದಿನ ಫೋನಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗುತ್ತವೆ. ಮುದ್ರಿತ ಪುಸ್ತಕವಾದರೋ ದೀಪವೊಂದನ್ನಲ್ಲದೆ ಬೇರೇನನ್ನೂ ಬೇಡದು.

ಆದಕಾರಣ ಗ್ರಾಮ ಪಂಚಾಯಿತಿಗಳ ಸದಸ್ಯರಲ್ಲಿ ನನ್ನ ವಿನಂತಿ: ನಿಮ್ಮ ಗ್ರಂಥಾಲಯದ ಮಾಡಿನ ಮೇಲೊಂದು ಸೌರಫಲಕ, ಒಳಗೊಂದು ಬ್ಯಾಟರಿ, ನಾಲ್ಕು ಒಳ್ಳೆಯ ದೀಪಗಳು, ಇಷ್ಟನ್ನು ಈ ವರ್ಷದ ಆಯವ್ಯಯದಲ್ಲಿ ಸೇರಿಸಿ, ರಾತ್ರಿ ಒಂಬತ್ತರವರೆಗೆ ಅದರ ಬಾಗಿಲನ್ನು ತೆರೆದಿಡಿ.