ಮಲ್ಲಿತಮ್ಮನ ಅಂಕಿತ

ಸೋಮನಾಥಪುರದ ಕೇಶವಾಲಯದ ಮೂರ್ತಿಪೀಠಗಳಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಕಾಣುತ್ತದೆ. ಕೆಲವೆಡೆ ‘ಮಲ್ಲಿ’ ಎಂದೂ ಕೆಲವೆಡೆ ಬರಿಯ ‘ಮ’ ಎಂದೂ ಇರುವುದು. ಇವೆಲ್ಲವೂ ಒಬ್ಬನವೇ ಎಂದು ಎಣಿಸುವ ವಾಡಿಕೆಯುಂಟು. ಆದರೆ ಅದೇ ಗುಡಿಯಲ್ಲಿ ಮಸಣಿತಮ್ಮನೆಂಬ ಶಿಲ್ಪಿಯೂ ದುಡಿದಿರುವನು. ಒಂಟಿ ಮಕಾರವು ಇಬ್ಬರಿಗೂ ಸಲ್ಲುವುದರಿಂದ, ತಾರ್ಕಿಕರ ಮಾತಿನಲ್ಲಿ ಅದು ಅನೈಕಾಂತಿಕ ಹೇತು.

ಪೂರ್ಣನಾಮವೂ ನಿಸ್ಸಂಶಯವಲ್ಲ. 1196ರ ಅಮೃತಾಪುರದ ದೇಗುಲದಲ್ಲಿಯೂ ಮಲ್ಲಿತಮ್ಮನಿದ್ದಾನೆ; ಸೋಮನಾಥಪುರಕ್ಕೂ ಅದಕ್ಕೂ 60 ವರ್ಷಗಳಿಗೆ ಮಿಕ್ಕ ಅಂತರ. ದೀರ್ಘಾಯುವಾದ ಒಬ್ಬನೇ ಶಿಲ್ಪಿಯೆಂಬುದು ಅಸಂಭವವೇನಲ್ಲ. ಆದರೆ ಅಜ್ಜನ ಹೆಸರು ಮೊಮ್ಮಗನಿಗೆ ಬರುವ ನಾಡಿನಲ್ಲಿ ಅದನ್ನು ಸಿದ್ಧಾಂತವೆನ್ನಲಾಗದು. ಜಪಾನಿನ ಖಡ್ಗಪರೀಕ್ಷಕರು ಹಿಡಿಯೊಳಗೆ ಅಡಗಿದ ಕಮ್ಮಾರನ ಅಂಕಿತವನ್ನೋದಿ ಅಷ್ಟಕ್ಕೇ ತೃಪ್ತರಾಗುವುದಿಲ್ಲ. ಒಂದೇ ಹೆಸರನ್ನು ಹಲವು ತಲೆಮಾರಿನವರು ಧರಿಸಿದ್ದುಂಟು. ಪ್ರಸಿದ್ಧರ ಹೆಸರನ್ನು ಇತರರು ಕೆತ್ತಿ ವಂಚಿಸಿದ್ದೂ ಉಂಟು. ಅಲಗಿನ ಆಕಾರ, ಉಕ್ಕಿನ ಪದರು, ಹದದ ರೇಖೆ ಇವು ಒಪ್ಪಿದರೆ ಮಾತ್ರ ಅಲ್ಲಿ ಹೆಸರಿಗೆ ಬೆಲೆ.

ಬೇಲೂರಿನ ಚಾವಣನಾದರೋ ತಾನು ದಾಸೋಜನ ಮಗನೆಂದು ಬರೆದು ಶೋಧಕರಿಗೆ ಉಪಕರಿಸಿದನು. ಮಲ್ಲಿತಮ್ಮನಲ್ಲಿ ಆ ಔದಾರ್ಯವಿಲ್ಲ. ಆದುದರಿಂದ ಪೂರ್ಣನಾಮವುಳ್ಳ ಮೂರ್ತಿಗಳ ಆಭರಣ, ಬೆರಳು, ಲತಾತೋರಣಗಳನ್ನು ಮೊದಲು ಹೋಲಿಸಿ, ಮಕಾರದ ಗುರುತುಳ್ಳವನ್ನು ಆಮೇಲೆ ವಿಂಗಡಿಸತಕ್ಕದ್ದು.